ಕೈ ರೇಡಿಯೊ ಮತ್ತು ರೈಲಿನ ಮಾತು: ಉತ್ತರ ಬೆಂಗಳೂರಿನಲ್ಲಿ ಕೇಳಬಹುದಾದದ್ದು, ಕೇಳಬಾರದ್ದು

ರೈಲಿನ ಮುಂದಿನ ತುದಿಯಲ್ಲಿ ಲೋಕೋ ಪೈಲಟ್, ಹಿಂದಿನ ತುದಿಯಲ್ಲಿ ಟ್ರೈನ್ ಮ್ಯಾನೇಜರ್, ನಡುವೆ ಬರುವ ಒಂದೊಂದು ನಿಲ್ದಾಣದಲ್ಲೂ ಒಬ್ಬ ಸ್ಟೇಷನ್ ಮಾಸ್ಟರ್. ಈ ಮೂವರು ಮಾತಾಡಿಕೊಳ್ಳಲು ಭಾರತೀಯ ರೈಲ್ವೆ ಬಳಸುವುದು ವಿಎಚ್‌ಎಫ್ ವಾಕಿ-ಟಾಕಿ. ಸಿಬ್ಬಂದಿಯ ಹೆಗಲಿಗೆ ನೇತುಬಿದ್ದಿರುವ ಸೆಟ್ಟಿನ ಶಕ್ತಿ 5 ವ್ಯಾಟ್. ನಿಲ್ದಾಣದ ಮೇಜಿನ ಮೇಲಿರುವುದರದ್ದು 25 ವ್ಯಾಟ್. ಟ್ರೈನ್ ಮ್ಯಾನೇಜರ್ ಎಂಬ ಹುದ್ದೆಯ ಹೆಸರು ಬಂದದ್ದು 2022ರ ಜನವರಿಯಲ್ಲಿ. ಯಲಹಂಕದ ಪ್ಲಾಟ್‌ಫಾರ್ಮಿನಲ್ಲಿ ಕಾಯುವವರ ಬಾಯಲ್ಲಿ ಅವರು ಇಂದಿಗೂ ಗಾರ್ಡ್ ಸಾಹೇಬರೇ.

ಯಶವಂತಪುರ, ಲೊಟ್ಟೆಗೊಲ್ಲಹಳ್ಳಿ, ಕೊಡಿಗೇಹಳ್ಳಿ, ಯಲಹಂಕ ಸಾಲಿನ ರೈಲು ಆಸಕ್ತರಿಗೆ ಆ ಸೆಟ್ಟಿನ ಮೇಲೆ ಕಣ್ಣು ಬೀಳುವುದು ಸಹಜ. ಯಲಹಂಕ ಜಂಕ್ಷನ್ನಿನಿಂದ ನಾಲ್ಕು ದಿಕ್ಕಿಗೆ ಹಳಿ ಹೊರಡುತ್ತದೆ: ಯಶವಂತಪುರಕ್ಕೆ ಒಂದು, ಚನ್ನಸಂದ್ರಕ್ಕೆ ಒಂದು, ದೇವನಹಳ್ಳಿ-ಚಿಕ್ಕಬಳ್ಳಾಪುರ-ಕೋಲಾರದ ಕಡೆಗೆ ಒಂದು, ದೊಡ್ಡಬಳ್ಳಾಪುರ-ಗೌರಿಬಿದನೂರು-ಹಿಂದೂಪುರ ಹಾದು ಧರ್ಮಾವರಕ್ಕೆ ಒಂದು. ಹೆಬ್ಬಾಳ ನಿಲ್ದಾಣ ಇರುವುದು ಲೊಟ್ಟೆಗೊಲ್ಲಹಳ್ಳಿಯಿಂದ ಬಾಣಸವಾಡಿಗೆ ಕವಲೊಡೆದ ಹಾದಿಯಲ್ಲಿ. ಎಕ್ಸ್‌ಪ್ರೆಸ್, ಮೆಮು, ಗೂಡ್ಸ್, 2023ರ ಸೆಪ್ಟೆಂಬರಿನಿಂದ ಕಾಚಿಗುಡ-ಯಶವಂತಪುರ ವಂದೇ ಭಾರತ್ ಎಲ್ಲವೂ ಈ ಭಾಗದಲ್ಲಿ ಓಡಾಡುತ್ತವೆ. ಒಂದು ಕೈ ರೇಡಿಯೊ ಕೊಂಡು ಇವುಗಳ ಮಾತು ಕೇಳುತ್ತ ಕೂರಬಹುದಲ್ಲ ಎಂಬ ಆಸೆಗೆ ಇಂಟರ್ನೆಟ್ಟಿನಲ್ಲಿ ಸಿಗುವ ಅಮೆರಿಕದ ಮಾರ್ಗದರ್ಶಿಗಳು ನೀರೆರೆಯುತ್ತವೆ. ಅಲ್ಲಿ ಗುಪ್ತಲಿಪಿ ಇಲ್ಲದ ರೈಲು ಸಂವಹನವನ್ನು ಕೇಳಲು ಕೇಂದ್ರ ಕಾನೂನಿನ ಅಡ್ಡಿಯಿಲ್ಲ. 160-161 ಮೆಗಾಹರ್ಟ್ಸ್ ಸುತ್ತಲಿನ ರೈಲು ಚಾನೆಲ್‌ಗಳ ಪಟ್ಟಿ ಹಿಡಿದು ಸ್ಕ್ಯಾನರ್ ಜೊತೆ ಹಳಿ ಪಕ್ಕ ಕೂರುವುದು ಅಲ್ಲಿ ಹಳೆಯ ಹವ್ಯಾಸ. ಬ್ರಿಟನ್ನಿನಲ್ಲಿ ಅದೇ ಕೆಲಸ ಕಾನೂನುಬಾಹಿರ. ಭಾರತದಲ್ಲೂ ಅಷ್ಟೆ.

ಭಾರತದ ಕಾನೂನು ಕೇಳುವುದಕ್ಕಿಂತ ಒಂದು ಹೆಜ್ಜೆ ಹಿಂದೆಯೇ, ಉಪಕರಣ ಇಟ್ಟುಕೊಳ್ಳುವಲ್ಲೇ ತಡೆ ಹಾಕುತ್ತದೆ. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ವೈರ್‌ಲೆಸ್ ಉಪಕರಣ ಹೊಂದಿರುವುದೇ ಅಪರಾಧ. 1980ರ ದಶಕದವರೆಗೆ ಮನೆಯ ಮರ್ಫಿ, ಬುಷ್ ರೇಡಿಯೊಗಳಿಗೂ ಅಂಚೆ ಕಚೇರಿಯಲ್ಲಿ ವರ್ಷ ವರ್ಷ ಶುಲ್ಕ ಕಟ್ಟಿ ಲೈಸೆನ್ಸ್ ಪುಸ್ತಕಕ್ಕೆ ಮುದ್ರೆ ಹಾಕಿಸಬೇಕಾಗಿದ್ದುದನ್ನು ಹಿರಿಯರು ಮರೆತಿಲ್ಲ. ಪ್ರಸಾರ ಕೇಳುವ ರೇಡಿಯೊಗೆ ಆ ಕಟ್ಟು ಸಡಿಲವಾಯಿತು, ವಾಕಿ-ಟಾಕಿಗೆ ಆಗಲಿಲ್ಲ. 1885ರ ಟೆಲಿಗ್ರಾಫ್ ಕಾಯ್ದೆ ಮತ್ತು 1933ರ ಕಾಯ್ದೆಗಳ ಜಾಗಕ್ಕೆಂದು ಬಂದ 2023ರ ದೂರಸಂಪರ್ಕ ಕಾಯ್ದೆ ಹಂತ ಹಂತವಾಗಿ ಜಾರಿಯಾಗುತ್ತಿದೆ. ಅದರ 42ನೇ ಸೆಕ್ಷನ್ 2024ರ ಜೂನ್ 26ರಿಂದಲೇ ಜಾರಿಯಲ್ಲಿದೆ. ಅನ್ಯರ ಸಂದೇಶವನ್ನು ಅಕ್ರಮವಾಗಿ ಕದ್ದು ಕೇಳಿದವರಿಗೆ ಅದು ಮೂರು ವರ್ಷದವರೆಗಿನ ಸೆರೆ, ಎರಡು ಕೋಟಿ ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ಹೇಳುತ್ತದೆ. ಹವ್ಯಾಸಿ ರೇಡಿಯೊದ (ಹ್ಯಾಮ್) ಪರವಾನಗಿ ಇದ್ದರೂ ಈ ಮಾತು ಬದಲಾಗುವುದಿಲ್ಲ. ಹವ್ಯಾಸಿಗಳಿಗೆ ಬಿಟ್ಟುಕೊಟ್ಟ ತರಂಗಪಟ್ಟಿಯ ಆಚೆ ಆ ಪರವಾನಗಿಗೆ ಬೆಲೆಯಿಲ್ಲ. ಆದ್ದರಿಂದ ರೈಲ್ವೆಯ ತರಂಗಾಂತರಗಳು ಇಲ್ಲಿ ಕೊಡುವ ವಿಷಯವಲ್ಲ.

ಕಾನೂನನ್ನು ಬದಿಗಿಟ್ಟು ನೋಡಿದರೂ ಕೇಳಲು ಸಿಗುವುದು ಕಡಿಮೆ. ರೈಲು ಓಡಾಟದ ಮುಖ್ಯ ವ್ಯವಹಾರ ವಾಕಿ-ಟಾಕಿಯಲ್ಲಿ ನಡೆಯುವುದೇ ಇಲ್ಲ. ಒಂದು ನಿಲ್ದಾಣ ಮುಂದಿನ ನಿಲ್ದಾಣದಿಂದ ‘ಲೈನ್ ಕ್ಲಿಯರ್’, ಅಂದರೆ ರೈಲು ಬಿಡಲು ಒಪ್ಪಿಗೆ, ಪಡೆಯುವುದು ಬ್ಲಾಕ್ ಉಪಕರಣದ ಮೂಲಕ. ಯಾವ ರೈಲನ್ನು ಎಲ್ಲಿ ತಡೆದು ಯಾವುದನ್ನು ಮುಂದೆ ಬಿಡಬೇಕೆಂದು ಸೆಕ್ಷನ್ ಕಂಟ್ರೋಲರ್ ಹೇಳುವುದು ಹಳಿ ಪಕ್ಕದ ಕೇಬಲ್ಲಿನಲ್ಲಿ ಹರಿಯುವ ಫೋನಿನಲ್ಲಿ. ವಿಎಚ್‌ಎಫ್‌ನಲ್ಲಿ ಉಳಿಯುವುದು ಹೊರಡುವ ಮುನ್ನದ ಒಂದೆರಡು ಮಾತು, ಗೂಡ್ಸ್ ರೈಲಿನ ಬ್ರೇಕ್ ಒತ್ತಡದ ವಿಚಾರಣೆ, ಶಂಟಿಂಗ್ ಸೂಚನೆ ಇಂಥವು. ಮುಂದಿನ ದಿನಗಳಲ್ಲಿ ಅದೂ ಇರಲಾರದು. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ 700 ಮೆಗಾಹರ್ಟ್ಸ್ ಪಟ್ಟಿಯಲ್ಲಿ 5 ಮೆಗಾಹರ್ಟ್ಸ್ ತರಂಗವನ್ನು ರೈಲ್ವೆಗೆ ಕೊಟ್ಟಿತು. ಎಲ್‌ಟಿಇ ತಂತ್ರಜ್ಞಾನದ ಆ ಜಾಲ ನೆಲೆಗೊಂಡ ಕಡೆ ಸಿಬ್ಬಂದಿಯ ಮಾತು ಡಿಜಿಟಲ್ ಆಗಿ ಬೀಗ ಹಾಕಿಕೊಂಡೇ ಹೋಗುತ್ತದೆ. ಸಾಮಾನ್ಯ ಎಫ್‌ಎಂ ಕೈ ರೇಡಿಯೊಗೆ ಅದು ಬರೀ ಗುರುಗುಟ್ಟುವ ಸದ್ದು.

ಹಾಗಾದರೆ ಕೈ ರೇಡಿಯೊ ಕೊಳ್ಳಲೇಬಾರದೆ? ಕೊಳ್ಳಬಹುದು, ಪರವಾನಗಿ ಪಡೆದ ಮೇಲೆ. ಕೇಳುವುದಕ್ಕೂ ಬೇಕಾದಷ್ಟಿದೆ, ರೈಲಿನದಲ್ಲ ಅಷ್ಟೆ.

ಮೊದಲು ಪರವಾನಗಿ, ಆಮೇಲೆ ಸೆಟ್

ಹವ್ಯಾಸಿ ರೇಡಿಯೊಗೆ, ಅಂದರೆ ಹ್ಯಾಮ್‌ಗೆ, ಪರವಾನಗಿ ಕೊಡುವುದು ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ. ನಿಯಮಗಳ ಮೂಲ 1978ರ ಹವ್ಯಾಸಿ ಸೇವೆಯ ನಿಯಮಾವಳಿ. ಕನಿಷ್ಠ ವಯಸ್ಸು 12. ದರ್ಜೆ ಎರಡು: ರಿಸ್ಟ್ರಿಕ್ಟೆಡ್ ಮತ್ತು ಜನರಲ್. ರಿಸ್ಟ್ರಿಕ್ಟೆಡ್‌ಗೆ ರೇಡಿಯೊ ಸಿದ್ಧಾಂತ ಮತ್ತು ನಿಯಮಗಳ ಲಿಖಿತ ಪರೀಕ್ಷೆ ಸಾಕು. ಜನರಲ್‌ಗೆ ಅದರ ಮೇಲೆ ನಿಮಿಷಕ್ಕೆ 8 ಪದಗಳ ವೇಗದಲ್ಲಿ ಮೋರ್ಸ್ ಬರಬೇಕು. ಅರ್ಜಿ ಹಾಕುವುದು ಸರಳ ಸಂಚಾರ್ ಪೋರ್ಟಲ್ ಮೂಲಕ. ಹಿನ್ನೆಲೆ ಪರಿಶೀಲನೆ ಮುಗಿದು ಪರವಾನಗಿ ಕೈಗೆ ಬರಲು ತಿಂಗಳುಗಳೇ ಹಿಡಿಯಬಹುದು. ಹೊಸ ಕಾಯ್ದೆಯ ಕೆಳಗೆ ನಿಯಮಗಳು ಬದಲಾಗುತ್ತಿರುವುದರಿಂದ ಶುಲ್ಕ ಮತ್ತು ನಮೂನೆಗಳನ್ನು ಅರ್ಜಿ ಹಾಕುವ ದಿನ ಪೋರ್ಟಲ್ಲಿನಲ್ಲೇ ನೋಡಿಕೊಳ್ಳುವುದು ಕ್ಷೇಮ. ಪರವಾನಗಿಯ ಜೊತೆ ಒಂದು ಕರೆಸಂಕೇತ ಸಿಗುತ್ತದೆ. ಜನರಲ್ ದರ್ಜೆಯವರದು ಸಾಮಾನ್ಯವಾಗಿ ವಿಯು2, ರಿಸ್ಟ್ರಿಕ್ಟೆಡ್‌ನವರದು ವಿಯು3 ಎಂದು ಶುರುವಾಗುತ್ತದೆ.

ಪರೀಕ್ಷೆಗೆ ಓದಲು ಬೆಂಗಳೂರಿಗಿಂತ ಅನುಕೂಲದ ಊರು ದೇಶದಲ್ಲಿ ಕಡಿಮೆ. ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್ 1959ರದ್ದು. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಇರುವುದೂ ಈ ಊರಿನಲ್ಲೇ. ಇಸ್ರೊದ ಯು.ಆರ್. ರಾವ್ ಉಪಗ್ರಹ ಕೇಂದ್ರದವರಿಗೆ ತಮ್ಮದೇ ಉಪಗ್ರಹ ಅಮೆಚೂರ್ ರೇಡಿಯೊ ಕ್ಲಬ್ ಇದೆ. 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6 ಹೊತ್ತೊಯ್ದ ಹ್ಯಾಮ್‌ಸ್ಯಾಟ್ ಉಪಗ್ರಹ ತಯಾರಾದದ್ದೂ ಬೆಂಗಳೂರಿನಲ್ಲಿ. 2014ರವರೆಗೆ ಅದು ಹವ್ಯಾಸಿಗಳ ಮಾತನ್ನು ಆಕಾಶದಿಂದ ಮರಳಿಸುತ್ತಿತ್ತು.

ಅಂಗಡಿಯ ಸಂಗತಿ ಬೇರೆ. ಆನ್‌ಲೈನ್ ಮಳಿಗೆಗಳಲ್ಲಿ ಚೀನಾದ ಅಗ್ಗದ ಸೆಟ್‌ಗಳು ಪರವಾನಗಿಯ ಮಾತೇ ಎತ್ತದೆ ಮಾರಾಟವಾಗುತ್ತಿದ್ದವು. 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇದಕ್ಕಾಗಿ ಹಲವು ಇ-ಕಾಮರ್ಸ್ ಸಂಸ್ಥೆಗಳಿಗೆ ನೋಟಿಸ್ ಕೊಟ್ಟು, ಅಕ್ರಮ ಮಾರಾಟ ತಡೆಯುವ ಮಾರ್ಗಸೂಚಿಯನ್ನೂ ಹೊರಡಿಸಿತು. ಪರದೆಯ ಮೇಲೆ ‘ಕಾರ್ಟ್‌ಗೆ ಹಾಕಿ’ ಎಂದಿದ್ದ ಮಾತ್ರಕ್ಕೆ ಸೆಟ್ ಕಾನೂನುಬದ್ಧವಲ್ಲ. ಪರವಾನಗಿ ಬೇಡದ ವಾಕಿ-ಟಾಕಿಗಳೂ ಇವೆ: 446.0ರಿಂದ 446.2 ಮೆಗಾಹರ್ಟ್ಸ್‌ನಲ್ಲಿ ಮಾತ್ರ ಕೆಲಸ ಮಾಡುವ, ಇಲಾಖೆಯ ಉಪಕರಣ ಅನುಮೋದನೆ ಪಡೆದ ಕಡಿಮೆ ಶಕ್ತಿಯ ಸೆಟ್‌ಗಳಿಗೆ 2018ರ ನಿಯಮಗಳು ವಿನಾಯಿತಿ ಕೊಟ್ಟಿವೆ. ಟ್ರೆಕ್ಕಿಂಗ್‌ಗೆ, ಮದುವೆ ಛತ್ರದ ಮೇಲುಸ್ತುವಾರಿಗೆ ಅವು ಸಾಕು. ಇಲ್ಲಿ ಹೇಳುತ್ತಿರುವ ಕೆಲಸಕ್ಕೆ ಬಾರವು.

ಸೆಟ್ ಸಿದ್ಧಮಾಡುವ ಬಗೆ

ಪರವಾನಗಿ ತೋರಿಸಿ ಕೊಂಡ ಎರಡು ಬ್ಯಾಂಡಿನ ಕೈ ರೇಡಿಯೊ ಇದೆ ಎಂದುಕೊಂಡರೆ, ಭಾರತದ ಹವ್ಯಾಸಿಗೆ ಅದರಲ್ಲಿ ಬೇಕಾದ ಪಟ್ಟಿಗಳು ಎರಡು: 144ರಿಂದ 146 ಮೆಗಾಹರ್ಟ್ಸ್‌ನ ಎರಡು ಮೀಟರ್ ಬ್ಯಾಂಡ್ ಮತ್ತು 434ರಿಂದ 438ರ ಎಪ್ಪತ್ತು ಸೆಂಟಿಮೀಟರ್ ಬ್ಯಾಂಡ್. ಉಳಿದ ತರಂಗಾಂತರಗಳಿಗೂ ಸೆಟ್ ತಿರುಗುತ್ತದೆ ಎನ್ನುವುದು ತಯಾರಕನ ಉದಾರತೆ, ಅನುಮತಿಯಲ್ಲ.

ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಆಂಟೆನಾ ತಿರುಗಿಸಿ ಬಿಗಿಮಾಡಿದ ಮೇಲೆಯೇ ಸೆಟ್ ಹಚ್ಚಬೇಕು. ಆಂಟೆನಾ ಇಲ್ಲದೆ ಮಾತಾಡುವ ಪಿಟಿಟಿ ಗುಂಡಿ ಒತ್ತಿದರೆ ಪ್ರಸಾರದ ಟ್ರಾನ್ಸಿಸ್ಟರ್ ಸುಟ್ಟುಹೋಗಬಹುದು. ಮೊದಲ ಪರೀಕ್ಷೆ ಸುಲಭ: ಈ ಬಗೆಯ ಬಹುತೇಕ ಸೆಟ್‌ಗಳಲ್ಲಿ ಪ್ರಸಾರದ ಎಫ್‌ಎಂ ಕೇಳುವ ಗುಂಡಿ ಇರುತ್ತದೆ. 101.3ರಲ್ಲಿ ಆಕಾಶವಾಣಿಯ ಎಫ್‌ಎಂ ರೇನ್‌ಬೋ, 102.9ರಲ್ಲಿ ವಿವಿಧ ಭಾರತಿ ಸ್ವಚ್ಛವಾಗಿ ಬಂದರೆ ಸ್ಪೀಕರ್, ಬ್ಯಾಟರಿ ಸರಿಯಿವೆ ಎಂದರ್ಥ.

ಮುಂದಿನದು ಸ್ಕ್ವೆಲ್ಚ್. ಸಿಗ್ನಲ್ ಇಲ್ಲದಾಗ ಬರುವ ಸರ್ರನೆಯ ಸದ್ದನ್ನು ಮುಚ್ಚುವ ಬಾಗಿಲು ಇದು. ಹೊಸಬರು ಸದ್ದು ಸಹಿಸಲಾರದೆ ಅದನ್ನು 6ಕ್ಕೋ 7ಕ್ಕೋ ಏರಿಸಿಬಿಡುತ್ತಾರೆ. ಆಮೇಲೆ ದೂರದ ಕ್ಷೀಣ ಧ್ವನಿಗಳೂ ಒಳಗೆ ಬಾರದೆ ‘ಈ ಊರಲ್ಲಿ ಯಾರೂ ಮಾತಾಡುವುದೇ ಇಲ್ಲ’ ಎನ್ನುತ್ತಾರೆ. ಸೊನ್ನೆಯಿಂದ ಒಂದೊಂದೇ ಮೆಟ್ಟಿಲು ಏರಿಸಿ, ಸದ್ದು ನಿಂತ ಕಡೆ ಬಿಡುವುದು ಸರಿಯಾದ ಕ್ರಮ. ಸಾಮಾನ್ಯವಾಗಿ ಅದು 1 ಅಥವಾ 2. ಅನುಮಾನ ಬಂದಾಗ ಮಾನಿಟರ್ ಗುಂಡಿ ಒತ್ತಿ ಹಿಡಿದರೆ ಬಾಗಿಲು ಪೂರ್ತಿ ತೆರೆಯುತ್ತದೆ.

ಆಮೇಲೆ ತರಂಗಾಂತರವನ್ನು ನೇರವಾಗಿ ಆರಿಸುವ ವಿಎಫ್‌ಒ ಸ್ಥಿತಿಗೆ ಬಂದು, ಹೆಜ್ಜೆಯನ್ನು 5 ಕಿಲೋಹರ್ಟ್ಸ್‌ಗೂ ಅಗಲವನ್ನು ‘ವೈಡ್’ಗೂ ಇಟ್ಟು ತರಂಗಾಂತರದ ಅಂಕೆ ಒತ್ತಬೇಕು. ನಗರದ ರಿಪೀಟರ್‌ಗಳ ಈಗಿನ ತರಂಗಾಂತರ ಮತ್ತು ಟೋನ್‌ಗಳನ್ನು ಕ್ಲಬ್ಬಿನವರಿಂದ ಪಡೆಯುವುದು ಒಳ್ಳೆಯದು, ಹಳೆಯ ಪಟ್ಟಿಗಳು ಸುಳ್ಳಾಗಿರುತ್ತವೆ. ರಿಪೀಟರ್ ಎಂದರೆ ಎತ್ತರದ ಕಟ್ಟಡ ಅಥವಾ ಬೆಟ್ಟದ ಮೇಲೆ ಕುಳಿತು, ಒಂದು ತರಂಗಾಂತರದಲ್ಲಿ ಕೇಳಿದ್ದನ್ನು ಅದೇ ಕ್ಷಣ ಇನ್ನೊಂದರಲ್ಲಿ ಜೋರಾಗಿ ಹೇಳುವ ಯಂತ್ರ. ಎರಡು ಮೀಟರ್ ಬ್ಯಾಂಡಿನಲ್ಲಿ ಈ ಎರಡರ ನಡುವಿನ ಅಂತರ ಸಾಮಾನ್ಯವಾಗಿ 600 ಕಿಲೋಹರ್ಟ್ಸ್. ಕೇಳುವವರಿಗೆ ರಿಪೀಟರ್ ಹೊರಡಿಸುವ ತರಂಗಾಂತರ ಒಂದೇ ಸಾಕು. ಅಂತರವೂ ರಿಪೀಟರನ್ನು ತೆರೆಸುವ ಸಿಟಿಸಿಎಸ್‌ಎಸ್ ಟೋನೂ ಮಾತಾಡುವಾಗ ಬೇಕಾಗುವಂಥವು. ಎಷ್ಟೋ ಸೆಟ್‌ಗಳಲ್ಲಿ ಸ್ವೀಕಾರದ ಟೋನ್ ತಪ್ಪಿ ಹಚ್ಚಿಹೋಗಿರುತ್ತದೆ. ಸಿಗ್ನಲ್ ದೀಪ ಹಸಿರಾದರೂ ಧ್ವನಿ ಬಾರದಿದ್ದರೆ ಮೊದಲು ನೋಡಬೇಕಾದ್ದು ಅದನ್ನೇ.

ಎಲ್ಲ ಸರಿಯಾದ ಮೇಲೆ ಮೆಮೊರಿಗೆ ಸೇರಿಸಬೇಕು. ಪುಟ್ಟ ಗುಂಡಿಗಳಲ್ಲಿ ಇದು ಬೇಸರದ ಕೆಲಸ. ಪ್ರೋಗ್ರಾಮಿಂಗ್ ಕೇಬಲ್ ಮತ್ತು ಚರ್ಪ್ ಎಂಬ ಉಚಿತ ತಂತ್ರಾಂಶ ಇದ್ದರೆ ಕಂಪ್ಯೂಟರಿನ ಪರದೆಯಲ್ಲಿ ಪಟ್ಟಿ ಬರೆದು ಒಂದೇ ಸಲಕ್ಕೆ ತುಂಬಬಹುದು. ಕಾರ್ಖಾನೆಯಿಂದ ಬಂದ ಮೂಲ ಪ್ರತಿಯನ್ನು ಮೊದಲು ಓದಿಸಿ ಉಳಿಸಿಕೊಳ್ಳುವುದನ್ನು ಮರೆಯಬಾರದು. ಕೇಳಲಷ್ಟೇ ಬಳಸುವ ಚಾನೆಲ್‌ಗಳಲ್ಲಿ ಪ್ರಸಾರವನ್ನು ‘ಆಫ್’ ಮಾಡಿಟ್ಟರೆ ಮಕ್ಕಳ ಕೈಗೆ ಸೆಟ್ ಸಿಕ್ಕಾಗ ಗಾಬರಿಯಿಲ್ಲ.

ಒಂದು ಎಚ್ಚರಿಕೆ ಉತ್ತರ ಬೆಂಗಳೂರಿಗೇ ಸೇರಿದ್ದು. ದೇವನಹಳ್ಳಿಯ ವಿಮಾನ ನಿಲ್ದಾಣ, ಯಲಹಂಕದ ವಾಯುನೆಲೆ, ಜಕ್ಕೂರಿನ ವೈಮಾನಿಕ ಶಾಲೆ ಮೂರೂ ಹೆಬ್ಬಾಳ ಮೇಲ್ಸೇತುವೆಯ ಆಚೆಗೇ ಇವೆ. ಕೆಲವು ಹೊಸ ಸೆಟ್‌ಗಳಿಗೆ ವಿಮಾನಗಳ ಎಎಂ ಪಟ್ಟಿಯೂ ಕೇಳಿಸುತ್ತದೆ. ರೈಲಿಗೆ ಹೇಳಿದ ಕಾನೂನು ವಿಮಾನಕ್ಕೂ ಅಷ್ಟೇ ಅನ್ವಯಿಸುತ್ತದೆ, ಅದರಲ್ಲೂ ವಾಯುನೆಲೆಯ ಬೇಲಿ ಪಕ್ಕ ಆಂಟೆನಾ ಎತ್ತಿ ನಿಂತವರನ್ನು ಯಾರೂ ಹವ್ಯಾಸಿ ಎಂದು ನೋಡುವುದಿಲ್ಲ.

ಎತ್ತರದ ಲೆಕ್ಕ

ಎರಡು ಮೀಟರ್ ಬ್ಯಾಂಡಿನ ಅಲೆ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಸಾಗುತ್ತದೆ. ಅದಕ್ಕೆ ದಿಗಂತ ಎಷ್ಟು ದೂರವೆಂದು ತಿಳಿಯಲು ಒಂದು ಸರಳ ಸೂತ್ರ ಇದೆ: ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಕಿಲೋಮೀಟರ್ ಬರುತ್ತದೆ. ನಿಂತವರ ಕೈಯಲ್ಲಿ, ಒಂದೂವರೆ ಮೀಟರ್ ಎತ್ತರದಲ್ಲಿರುವ ಸೆಟ್ಟಿನ ದಿಗಂತ 5 ಕಿಲೋಮೀಟರ್. 15 ಮೀಟರ್ ಎತ್ತರದ ತಾರಸಿಯಲ್ಲಿ ಅದು 16 ಕಿಲೋಮೀಟರ್ ಆಗುತ್ತದೆ. ನಂದಿಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರ್. ಸುತ್ತಲ ನೆಲಕ್ಕಿಂತ ಸುಮಾರು 550 ಮೀಟರ್ ಎತ್ತರ ಎಂದು ಹಿಡಿದರೆ ದಿಗಂತ 95 ಕಿಲೋಮೀಟರ್ ದಾಟುತ್ತದೆ. ಅಲ್ಲಿಂದ ಅರ್ಧ ವ್ಯಾಟಿನಲ್ಲಿ ಮಾತಾಡಿದರೂ ಬೆಂಗಳೂರು ಪೂರ್ತಿ ಕೇಳಬಲ್ಲದು.

ಆರ್.ಟಿ. ನಗರದ ಇಕ್ಕಟ್ಟಿನ ಓಣಿಯ ಮೊದಲ ಮಹಡಿಯಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಕಬ್ಬಿಣ ತುಂಬಿದ ಕಾಂಕ್ರೀಟು ಸಿಗ್ನಲ್ಲನ್ನು ನುಂಗಿದರೆ, ಎಲ್‌ಇಡಿ ಬಲ್ಬು, ಇನ್ವರ್ಟರ್, ಅಗ್ಗದ ಮೊಬೈಲ್ ಚಾರ್ಜರ್‌ಗಳು ಉಳಿದದ್ದಕ್ಕೆ ಗದ್ದಲ ಬೆರೆಸುತ್ತವೆ. ಒಂದೊಂದೇ ಸ್ವಿಚ್ ಆರಿಸುತ್ತ ಹೋದರೆ ಕಳ್ಳ ಯಾವುದೆಂದು ಗೊತ್ತಾಗುತ್ತದೆ. ಸೆಟ್ ಹಿಡಿದು ತಾರಸಿಗೆ ಹೋಗುವುದೇ ಹಣ ಖರ್ಚಿಲ್ಲದ ದೊಡ್ಡ ಸುಧಾರಣೆ. ಅದರ ಮೇಲೆ ಬೇಕಾದರೆ, ಸೆಟ್ ಜೊತೆ ಬಂದ ಗಿಡ್ಡ ರಬ್ಬರ್ ಆಂಟೆನಾದ ಬುಡಕ್ಕೆ, ಲೋಹದ ಹೊರಕವಚ ತಾಗುವ ಜಾಗದಲ್ಲಿ, 49 ಸೆಂಟಿಮೀಟರ್ ಉದ್ದದ ತಂತಿಯೊಂದನ್ನು ಸಿಕ್ಕಿಸಿ ಕೆಳಗೆ ಇಳಿಬಿಡಬಹುದು. 145 ಮೆಗಾಹರ್ಟ್ಸ್‌ನ ಕಾಲು ಅಲೆಯ ಉದ್ದ ಅದು, ಆಂಟೆನಾಗೆ ಇಲ್ಲದ ಅರ್ಧವನ್ನು ಒದಗಿಸುತ್ತದೆ. ವ್ಯತ್ಯಾಸ ಕಿವಿಗೇ ತಿಳಿಯುತ್ತದೆ. ದೊಡ್ಡ ಆಂಟೆನಾವನ್ನು ನೇರವಾಗಿ ಕೈ ಸೆಟ್ಟಿಗೆ ಹಾಕಿದರೆ ಯಾವಾಗಲೂ ಲಾಭವಿಲ್ಲ. ಮೊಬೈಲ್ ಟವರ್, ಎಫ್‌ಎಂ ಪ್ರಸಾರಗಳ ಪ್ರಬಲ ಸಿಗ್ನಲ್ ನುಗ್ಗಿ ಅಗ್ಗದ ಸೆಟ್ಟಿನ ಕಿವಿ ಮುಚ್ಚಿಹೋಗುತ್ತದೆ. ಯಲಹಂಕದ ದೊಡ್ಡಬಳ್ಳಾಪುರ ರಸ್ತೆಯಲ್ಲಿ ಆಕಾಶವಾಣಿಯ 500 ಕಿಲೋವ್ಯಾಟ್ ಸಾಮರ್ಥ್ಯದ ಶಾರ್ಟ್‌ವೇವ್ ಪ್ರಸಾರ ಕೇಂದ್ರವೇ ಇರುವಾಗ ಆಸುಪಾಸಿನವರು ಇದನ್ನು ನೆನಪಿಡಬೇಕು.

ತಾರಸಿಯಲ್ಲಿ ಆಂಟೆನಾ ನಿಲ್ಲಿಸುವವರು ವಿದ್ಯುತ್ ತಂತಿಯಿಂದ ಆಂಟೆನಾದ ಉದ್ದಕ್ಕಿಂತ ಹೆಚ್ಚು ದೂರ ಇರಬೇಕು, ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ಕಾಣಿಸುವ ಮೊದಲೇ ಕೇಬಲ್ ಕಳಚಬೇಕು. ರೈಲುಹಳಿಯ ಪಕ್ಕದಲ್ಲಂತೂ ಉದ್ದದ ಲೋಹದ ಆಂಟೆನಾ ಎತ್ತುವ ಮಾತೇ ಬೇಡ. ಹಳಿ ಮೇಲಿನ ತಂತಿಯಲ್ಲಿ 25,000 ವೋಲ್ಟ್‌ನ ವಿದ್ಯುತ್ ಹರಿಯುತ್ತಿರುತ್ತದೆ. ಅದನ್ನು ಮುಟ್ಟಬೇಕೆಂದೇನೂ ಇಲ್ಲ, ಎರಡು ಮೀಟರಿನೊಳಗೆ ಬಂದರೂ ಅಪಾಯ.

ಆಕಾಶದಿಂದ ಬರುವ ಮೊದಲ ಧ್ವನಿ

ಹೊಸ ಸೆಟ್ಟಿಗೆ ಒಳ್ಳೆಯ ಮೊದಲ ಗುರಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ, ಗಂಟೆಗೆ 28,000 ಕಿಲೋಮೀಟರ್ ವೇಗದಲ್ಲಿ ಅದು ಬೆಂಗಳೂರಿನ ಮೇಲೆ ಹಾದುಹೋಗುವಾಗ ಹತ್ತು ನಿಮಿಷದ ತನಕ ಕೇಳಿಸುತ್ತದೆ. ಕಟ್ಟಡಗಳ ನಡುವೆ ಸಿಕ್ಕಿಕೊಂಡವರಿಗೂ ಅದು ಕೆಲವು ಸಲ ನೆತ್ತಿಯ ಮೇಲಿಂದಲೇ ಬರುತ್ತದೆಯಾದ್ದರಿಂದ ತಾರಸಿಯೊಂದಿದ್ದರೆ ಸಾಕು. 2025ರ ಜುಲೈನಲ್ಲಿ ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಅಲ್ಲಿಂದ ಹ್ಯಾಮ್ ರೇಡಿಯೊ ಮೂಲಕ ಬೆಂಗಳೂರಿನ ಉಪಗ್ರಹ ಕೇಂದ್ರದಲ್ಲಿ ನೆರೆದಿದ್ದ ವಿದ್ಯಾರ್ಥಿಗಳೊಡನೆ ಮಾತಾಡಿದ್ದರು.

ಗಗನಯಾತ್ರಿಗಳ ಮಾತು ಮತ್ತು ಆಗಾಗ ಸದ್ದಿನ ರೂಪದಲ್ಲಿ ಕಳಿಸುವ ಎಸ್‌ಎಸ್‌ಟಿವಿ ಚಿತ್ರಗಳು ಬರುವುದು 145.800ರಲ್ಲಿ. ಚಿತ್ರ ಕಿವಿಗೆ ಏರಿಳಿಯುವ ಶಿಳ್ಳೆಯಂತೆ ಕೇಳುತ್ತದೆ. ರೋಬೋಟ್36 ಎಂಬ ಆ್ಯಪ್ ಹಾಕಿದ ಫೋನನ್ನು ಸ್ಪೀಕರಿನ ಪಕ್ಕ ಹಿಡಿದರೆ ಸುಮಾರು ಎರಡು ನಿಮಿಷದಲ್ಲಿ ಚಿತ್ರ ಗೆರೆಗೆರೆಯಾಗಿ ಮೂಡುತ್ತದೆ. ನಿಲ್ದಾಣದಲ್ಲಿರುವ ಧ್ವನಿ ರಿಪೀಟರಿನ ಇಳಿಯುವ ತರಂಗಾಂತರ 437.800. ಇಲ್ಲಿ ಡಾಪ್ಲರ್ ಪರಿಣಾಮ ಕೈಕೊಡುತ್ತದೆ: ನಿಲ್ದಾಣ ಹತ್ತಿರ ಬರುವಾಗ ಸಿಗ್ನಲ್ 10 ಕಿಲೋಹರ್ಟ್ಸ್‌ವರೆಗೆ ಮೇಲೆ, ದೂರ ಹೋಗುವಾಗ ಅಷ್ಟೇ ಕೆಳಗೆ ಜಾರುತ್ತದೆ. ಆದ್ದರಿಂದ 437.810, 437.805, 437.800, 437.795, 437.790 ಎಂದು ಐದು ಮೆಮೊರಿಗಳನ್ನು ಸಾಲಾಗಿ ತುಂಬಿಟ್ಟು, ಧ್ವನಿ ಒಡೆಯತೊಡಗಿದಂತೆ ಒಂದೊಂದೇ ಕೆಳಗಿಳಿಯಬೇಕು. 145.800ರಲ್ಲಿ ಈ ಜಾರುವಿಕೆ 3-4 ಕಿಲೋಹರ್ಟ್ಸ್ ಮಾತ್ರ, ಕೈಹಚ್ಚುವ ಅಗತ್ಯವಿಲ್ಲ. ಆಂಟೆನಾವನ್ನು ನಿಲ್ದಾಣದ ಕಡೆಗೆ ಗುರಿಯಿಡುವುದು ತಪ್ಪು. ನೇರ ಕಡ್ಡಿಯ ಆಂಟೆನಾ ತನ್ನ ಪಕ್ಕಕ್ಕೆ ಹೆಚ್ಚು ಕೇಳುತ್ತದೆ, ತುದಿಯ ಕಡೆಗೆ ಕಡಿಮೆ. ಅದನ್ನು ಅಡ್ಡ ಹಿಡಿದು ನಿಧಾನವಾಗಿ ತಿರುಗಿಸುತ್ತ ಧ್ವನಿ ಚೆನ್ನಾಗಿರುವ ಭಂಗಿಯನ್ನು ಹುಡುಕಿಕೊಳ್ಳಬೇಕು.

ರೈಲು ಬಹಿರಂಗವಾಗಿ ಆಡುವ ಮಾತು

ರೈಲು ಎಲ್ಲಿದೆ ಎಂದು ತಿಳಿಯಲು ರೇಡಿಯೊ ಈಗ ಬೇಕಿಲ್ಲ. ಇಸ್ರೊ ಜೊತೆಗೂಡಿ ರೂಪಿಸಿದ ಆರ್‌ಟಿಐಎಸ್ ಪೆಟ್ಟಿಗೆ ಕೂರಿಸಿದ ಎಂಜಿನ್‌ಗಳು 30 ಸೆಕೆಂಡಿಗೊಮ್ಮೆ ತಮ್ಮ ಜಾಗ ತಿಳಿಸುತ್ತವೆ. ಎನ್‌ಟಿಇಎಸ್ ಆ್ಯಪ್‌ನಲ್ಲಿ ರೈಲಿನ ಓಟ ಯಾರಿಗೂ ಸಿಗುತ್ತದೆ. ಮೊಬೈಲ್ ಟವರುಗಳ ಗುರುತಿನ ಮೇಲೆ ಇಂಟರ್ನೆಟ್ ಇಲ್ಲದೆಯೂ ರೈಲಿನ ಜಾಗ ಹೇಳುವ ‘ವೇರ್ ಈಸ್ ಮೈ ಟ್ರೇನ್’ ಬೆಂಗಳೂರಿನ ಹುಡುಗರು ಕಟ್ಟಿದ್ದು. 2018ರ ಕೊನೆಯಲ್ಲಿ ಗೂಗಲ್ ಅದನ್ನು ಕೊಂಡುಕೊಂಡಿತು. ಗೂಡ್ಸ್ ರೈಲುಗಳು ಮಾತ್ರ ಈ ಪ್ರಯಾಣಿಕ ಆ್ಯಪ್‌ಗಳಲ್ಲಿ ಕಾಣುವುದಿಲ್ಲ.

ಗೂಡ್ಸ್ ರೈಲಿನ ಸುಳಿವು ಸಿಗಲು ಸಿಗ್ನಲ್ ನೋಡುವುದನ್ನು ಕಲಿಯಬೇಕು. ಹತ್ತು ರೂಪಾಯಿಯ ಪ್ಲಾಟ್‌ಫಾರ್ಮ್ ಟಿಕೆಟ್ ಎರಡು ಗಂಟೆ ನಡೆಯುತ್ತದೆ, ಯಲಹಂಕ ನಿಲ್ದಾಣದ ತುದಿ ಇದಕ್ಕೆ ತಕ್ಕ ಜಾಗ. ಕೆಂಪು ಎಂದರೆ ನಿಲ್ಲು; ಒಂದು ಹಳದಿ ಎಂದರೆ ಮುಂದಿನ ಸಿಗ್ನಲ್‌ನಲ್ಲಿ ನಿಲ್ಲಲು ಸಿದ್ಧನಾಗಿ ಸಾಗು; ಎರಡು ಹಳದಿ ಎಂದರೆ ಮುಂದಿನದನ್ನು ಮಿತಿಯ ವೇಗದಲ್ಲಿ ದಾಟಲು ಅಣಿಯಾಗು; ಹಸಿರು, ಹೋಗು. ನಿಲ್ದಾಣದೊಳಗೆ ಬಿಡುವ ಹೋಮ್ ಸಿಗ್ನಲ್ಲಿನ ತಲೆಯ ಮೇಲೆ ಓರೆಯಾಗಿ ಐದು ಬಿಳಿ ದೀಪ ಹತ್ತಿದರೆ ರೈಲು ಮುಖ್ಯ ಹಳಿ ಬಿಟ್ಟು ಪಕ್ಕದ ಹಳಿಗೆ ತಿರುಗುತ್ತಿದೆ ಎಂದರ್ಥ. ಕಂಬದಲ್ಲಿ ‘ಎ’ ಫಲಕವಿದ್ದರೆ ಅದು ತಂತಾನೇ ಬದಲಾಗುವ ಆಟೊಮ್ಯಾಟಿಕ್ ಸಿಗ್ನಲ್. ಗೂಡ್ಸ್ ರೈಲೊಂದು ಪಕ್ಕದ ಹಳಿಯಾದ ಲೂಪ್ ಲೈನಿನಲ್ಲಿ ನಿಂತು, ಮುಖ್ಯ ಹಳಿಯ ಸಿಗ್ನಲ್‌ಗಳು ಹಸಿರಾದವೆಂದರೆ ಹಿಂದಿನಿಂದ ಎಕ್ಸ್‌ಪ್ರೆಸ್ ಬರುತ್ತಿದೆ ಎಂದು ಯಾರ ಮಾತನ್ನೂ ಕದ್ದು ಕೇಳದೆ ಹೇಳಬಹುದು.

ಹಾರ್ನ್‌ಗೂ ವ್ಯಾಕರಣ ಇದೆ. ಹಳಿ ಪಕ್ಕದ ಹಳದಿ ಫಲಕದಲ್ಲಿ ‘ಡಬ್ಲ್ಯು/ಎಲ್’ ಎಂದಿದ್ದರೆ ಮುಂದೆ ಗೇಟು ಇದೆ, ಉದ್ದಕ್ಕೆ ಕೂಗಬೇಕು. ಎರಡು ಗಿಡ್ಡ, ಒಂದು ಉದ್ದ ಕೇಳಿದರೆ ಯಾರೋ ಸರಪಳಿ ಎಳೆದಿದ್ದಾರೆ ಅಥವಾ ಬ್ರೇಕ್ ಒತ್ತಡ ಇಳಿದಿದೆ. ಬಿಟ್ಟುಬಿಟ್ಟು ಗಿಡ್ಡ ಗಿಡ್ಡ ಕೂಗು ಅಪಾಯದ ಸೂಚನೆ. ಹಳಿಯ ಮೇಲೆ ನಡೆಯುವ ಜನ ಹೆಚ್ಚಿರುವ ಕಡೆ ಅದು ಜಾಸ್ತಿ ಕೇಳಿಸುತ್ತದೆ. ಎಂಜಿನ್ನಿನ ನೆತ್ತಿಯ ಹಳದಿ ದೀಪ ಮಿಣುಕತೊಡಗಿದರೆ, ಎದುರು ಹಳಿಯ ರೈಲನ್ನು ತಡೆಯಲು ಲೋಕೋ ಪೈಲಟ್ ಕೊಡುತ್ತಿರುವ ಕರೆ ಅದು.

ನಿಲ್ಲದೆ ಹಾದುಹೋಗುವ ಗೂಡ್ಸ್ ರೈಲನ್ನು ಕೊನೆಯವರೆಗೆ ನೋಡುವುದೇ ಲೇಸು. ಎಂಜಿನ್ ಪ್ಲಾಟ್‌ಫಾರ್ಮಿನ ಅಂಚಿಗೆ ಬರುತ್ತಿದ್ದಂತೆ ಸ್ಟೇಷನ್ ಕಚೇರಿಯ ಮುಂದೆ ಒಬ್ಬರು ಹಸಿರು ಬಾವುಟ ಚಾಚಿ ನಿಲ್ಲುತ್ತಾರೆ. ಎಂಜಿನ್ನಿನ ಕಿಟಕಿಯಿಂದಲೂ ಹಸಿರು ಬಾವುಟವೊಂದು ಹೊರಬರುತ್ತದೆ. ವ್ಯಾಗನ್ನುಗಳು ಒಂದೊಂದೇ ಉರುಳುವಾಗ ನಿಂತವರ ಕಣ್ಣು ಗಾಲಿಗಳ ಮೇಲೆ: ಬ್ರೇಕ್ ಹಿಡಿದು ಹೊಗೆಯಾಡುತ್ತಿದೆಯೇ, ಏನಾದರೂ ಜೋತು ಬಿದ್ದಿದೆಯೇ, ಬಾಗಿಲು ತೆರೆದಿದೆಯೇ. ಕೊನೆಗೆ ಬ್ರೇಕ್ ವ್ಯಾನಿನ ಮೆಟ್ಟಿಲ ಬಳಿ ಟ್ರೈನ್ ಮ್ಯಾನೇಜರ್, ಅವರ ಕೈಯಲ್ಲೂ ಹಸಿರು. ಹಿಂಬದಿಯಲ್ಲಿ ‘ಎಲ್‌ವಿ’ (ಲಾಸ್ಟ್ ವೆಹಿಕಲ್, ಕೊನೆಯ ಬಂಡಿ) ಎಂದು ಬರೆದ ಫಲಕ, ರಾತ್ರಿಯಾದರೆ ಮಿಣುಕುವ ಕೆಂಪು ದೀಪ. ಅದು ಕಂಡರೆ ಮಾತ್ರ ರೈಲು ಇಡಿಯಾಗಿ ಬಂದಿದೆ, ನಡುವೆ ಎಲ್ಲೂ ಕಳಚಿಲ್ಲ ಎಂದು ಸ್ಟೇಷನ್ ಮಾಸ್ಟರ್‌ಗೆ ಖಾತ್ರಿ. ವಾಕಿ-ಟಾಕಿ ಬರುವ ಎಷ್ಟೋ ಕಾಲ ಮೊದಲಿನಿಂದ ನಡೆದುಬಂದ ಈ ಬಾವುಟದ ವಿನಿಮಯವನ್ನು ರೇಡಿಯೊ ಬಂದ ಮೇಲೂ ರೈಲ್ವೆ ಬಿಟ್ಟಿಲ್ಲ.

ಹಳಿ ದಾಟಿ ಚಿತ್ರ ತೆಗೆಯುವುದು, ಯಾರ್ಡಿಗೆ ನುಗ್ಗುವುದು 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ನಿನಡಿ ಅತಿಕ್ರಮ ಪ್ರವೇಶ; ಆರು ತಿಂಗಳವರೆಗಿನ ಸೆರೆ ಅಥವಾ ಸಾವಿರ ರೂಪಾಯಿವರೆಗಿನ ದಂಡ ಇದೆ. ಯಲಹಂಕದ ರೈಲು ಗಾಲಿ ಕಾರ್ಖಾನೆಯ ಸೈಡಿಂಗ್ ಎಷ್ಟೇ ಆಕರ್ಷಕವಾಗಿದ್ದರೂ ಅದು ಹೊರಗಿನವರ ಜಾಗವಲ್ಲ.

ಹಾದುಹೋದ ರೈಲಿನಲ್ಲಿ ಬೆಂಕಿ, ಹೊಗೆ, ಜೋತಾಡುವ ಕಬ್ಬಿಣ ಕಂಡರೆ ಅಥವಾ ಹಳಿಯ ಮೇಲೆ ಮರ, ವಾಹನ ಬಿದ್ದಿದ್ದರೆ ಹತ್ತಿರದ ಗೇಟ್‌ಮನ್‌ಗೋ ಸ್ಟೇಷನ್ ಮಾಸ್ಟರ್‌ಗೋ ಹೇಳಬೇಕು. ಅವರು ಸಿಗದಿದ್ದರೆ 139ಕ್ಕೆ ಕರೆ ಮಾಡಬೇಕು. ರೈಲ್ವೆ ಭದ್ರತೆಗೆಂದು ಇದ್ದ 182 ಕೂಡ 2021ರ ಏಪ್ರಿಲ್‌ನಿಂದ ಇದರಲ್ಲೇ ಸೇರಿಹೋಗಿದೆ. ಜಾಗ ಹೇಳುವಾಗ ‘ಕೊಡಿಗೇಹಳ್ಳಿ ಹತ್ತಿರ’ ಎಂದರೆ ಸಾಲದು. ಮೇಲ್ತಂತಿ ಹೊತ್ತ ಒಂದೊಂದು ಕಂಬದ ಮೇಲೂ ಕಿಲೋಮೀಟರ್ ಮತ್ತು ಕಂಬದ ಕ್ರಮಾಂಕವನ್ನು ಬಣ್ಣದಲ್ಲಿ ಬರೆದಿರುತ್ತದೆ. ಆ ಎರಡು ಅಂಕೆಗಳನ್ನು ಓದಿ ಹೇಳಿದರೆ ಕಂಟ್ರೋಲ್ ರೂಮಿಗೆ ಜಾಗ ನಿಖರವಾಗಿ ತಿಳಿಯುತ್ತದೆ.